ಐದು ಲಕೋಟೆ, ಐದು ಗುಡ್ಡೆ

ಪುಸ್ತಕದಲ್ಲಿದ್ದ ಲೆಕ್ಕ ಹೀಗಿತ್ತು. ಒಬ್ಬ ಗುಮಾಸ್ತೆ ಐದು ಕಾಗದಗಳನ್ನು ಬರೆದಿದ್ದಾನೆ, ಐದು ಲಕೋಟೆಗಳ ಮೇಲೆ ವಿಳಾಸವನ್ನೂ ಬರೆದಿಟ್ಟಿದ್ದಾನೆ. ಒಂದು ಕಾಗದವೂ ತನ್ನ ಸರಿಯಾದ ಲಕೋಟೆಗೆ ಹೋಗದ ಹಾಗೆ ಎಷ್ಟು ಬಗೆಯಲ್ಲಿ ಹಾಕಬಹುದು? ಕೆಳಗೆ ನಾಲ್ಕು ಉತ್ತರ ಕೊಟ್ಟಿದ್ದರು. ಒಂದಕ್ಕೆ ಗುರುತು ಹಾಕಬೇಕು. ಪರೀಕ್ಷೆಯಲ್ಲಿ ಅದಕ್ಕೆ ಸಿಗುವ ಸಮಯ ಒಂದು ನಿಮಿಷಕ್ಕೂ ಕಡಿಮೆ.

ನನಗೆ ಒಂದು ಬೆಳಗ್ಗೆ ಪೂರ್ತಿ ಹಿಡಿಯಿತು. ಉತ್ತರವೂ ತಪ್ಪಿತು.

ಬ್ಯಾಂಕಿನ ಗುಮಾಸ್ತೆ ಹುದ್ದೆಯ ಪರೀಕ್ಷೆಗೆ ನಾನು ಓದುತ್ತಿದ್ದ ವರ್ಷ ಅದು. ವಯಸ್ಸಿನ ಮಿತಿ ಆ ವರ್ಷಕ್ಕೆ ಮುಗಿಯುತ್ತಿತ್ತು. ನಮ್ಮದು ಕೈಲಾಂಚದ ಕಡೆಯ ಊರು. ನನ್ನ ಗಂಡ ಬಿಡದಿಯ ಕಾರ್ಖಾನೆಗೆ ಪಾಳಿಯ ಮೇಲೆ ಹೋಗುತ್ತಿದ್ದರು. ನಾನು ಮನೆಗೆಲಸ ಮುಗಿಸಿ ಬಸ್ಸು ಹಿಡಿದು ರಾಮನಗರಕ್ಕೆ, ಒಂದು ಬೇಕರಿಯ ಮಹಡಿಯ ಮೇಲಿದ್ದ ಟ್ಯೂಷನ್ನಿಗೆ ಹೋಗುತ್ತಿದ್ದೆ. ಕೆಳಗಿನಿಂದ ಬನ್ನು ಬೇಯುವ ವಾಸನೆ ಬರುತ್ತಿತ್ತು. ಮೇಲೆ ಮೇಷ್ಟ್ರು ‘ಕ್ರಮಯೋಜನೆ ಮತ್ತು ವಿಕಲ್ಪ’ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದರು.

ನನ್ನ ಸ್ವಭಾವವನ್ನು ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನಾನು ನಿಧಾನ. ಕಣ್ಣಿಂದ ನೋಡದೆ ಯಾವುದನ್ನೂ ಒಪ್ಪುವವಳಲ್ಲ. ಈ ಸೂತ್ರ ಹಾಕಿದರೆ ಉತ್ತರ ಬರುತ್ತದೆ ಎಂದು ಮೇಷ್ಟ್ರು ಹೇಳಿದರೆ, ಉಳಿದವರು ಸೂತ್ರ ಬರೆದುಕೊಳ್ಳುತ್ತಿದ್ದರು. ನಾನು ಮನೆಗೆ ಬಂದು ಒಂದೊಂದು ಬಗೆಯನ್ನೂ ಕೈಯಲ್ಲಿ ಜೋಡಿಸಿ ಎಣಿಸುತ್ತಿದ್ದೆ. ಎಣಿಸಬೇಡಿ ಅಮ್ಮಾ, ಎಣಿಸುವವರಿಗೆ ಈ ಪರೀಕ್ಷೆ ಅಲ್ಲ, ಗೊತ್ತಾಗದಿದ್ದರೆ ಬಿಟ್ಟು ಮುಂದೆ ಹೋಗಿ ಎಂದು ಮೇಷ್ಟ್ರು ಎಷ್ಟೋ ಸಲ ಹೇಳಿದ್ದರು. ಬಿಟ್ಟು ಮುಂದೆ ಹೋಗುವುದು ನನಗೆ ಆಗುತ್ತಿರಲಿಲ್ಲ.

ಇನ್ನೊಂದು ಅಭ್ಯಾಸವೂ ಇತ್ತು. ಲೆಕ್ಕವನ್ನು ಗಟ್ಟಿಯಾಗಿ ಓದದಿದ್ದರೆ ನನ್ನ ತಲೆಗೆ ಹೋಗುತ್ತಿರಲಿಲ್ಲ. ಮಾವ ರೇಷ್ಮೆ ಹುಳು ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು ಹಾಕುತ್ತಿದ್ದಾಗ ನಾನು ಬಾಗಿಲ ಹತ್ತಿರ ಕುಳಿತು ಓದುತ್ತಿದ್ದೆ. ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣಗೆ ಮಳೆ ಹನಿದಂತೆ ಕೇಳುತ್ತಿತ್ತು. ಮಾವ ಹೆಚ್ಚು ಮಾತಿನವರಲ್ಲ. ಆದರೆ ಲೆಕ್ಕದೊಳಗಿನ ಜನರ ಬಗ್ಗೆ ಅವರಿಗೆ ಕಾಳಜಿಯಿತ್ತು. ಆರು ಜನ ದುಂಡು ಮೇಜಿನ ಸುತ್ತ ಕೂರಬೇಕು, ಅವರಲ್ಲಿ ಇಬ್ಬರು ಅಕ್ಕಪಕ್ಕ ಕೂರಬಾರದು ಎಂದು ನಾನು ಓದಿದರೆ, ಸೊಪ್ಪಿನ ಮಂಕರಿ ಕೆಳಗಿಟ್ಟು, “ಏನ್ ಜಗ್ಳವ್ವ ಅವ್ರಿಗೆ? ಜಮೀನಿಂದಾ?” ಎಂದು ಕೇಳುತ್ತಿದ್ದರು. ಪುಸ್ತಕದಲ್ಲಿ ಕಾರಣ ಕೊಟ್ಟಿಲ್ಲ ಎಂದರೆ ಅವರಿಗೆ ಸಮಾಧಾನವಾಗುತ್ತಿರಲಿಲ್ಲ.

ಅತ್ತೆಯವರದು ಇನ್ನೊಂದು ಬಗೆ. ಏಳು ಗಂಡಸರು ಐದು ಹೆಂಗಸರಿಂದ ಐದು ಜನರ ಸಮಿತಿ ಮಾಡಬೇಕು, ಕಡಿಮೆಯೆಂದರೂ ಇಬ್ಬರು ಹೆಂಗಸರಿರಬೇಕು ಎಂಬ ಲೆಕ್ಕವನ್ನು ಅವರು ಅಡುಗೆಮನೆಯಿಂದಲೇ ಕೇಳಿಸಿಕೊಂಡರು. ನಮ್ಮೂರ ಹಾಲಿನ ಡೈರಿಯ ಸಮಿತಿಯಲ್ಲಿ ಮೂವರು ಹೆಂಗಸರಿದ್ದರು. ಮೀಟಿಂಗಿಗೆ ಹೋಗುತ್ತಿದ್ದವರು ಅವರ ಗಂಡಂದಿರು.

“ಆ ಮೂವರ್ನ ಹೆಂಗುಸ್ರು ಅಂತ ಎಣಿಸ್ತೀಯೋ, ಗಂಡುಸ್ರು ಅಂತ್ಲೋ?” ಎಂದು ಕೇಳಿದರು.

ನಾನು ಮೇಷ್ಟ್ರನ್ನು ಕೇಳಿಬರುತ್ತೇನೆ ಎಂದೆ. ನಿಜಕ್ಕೂ ಕೇಳಿದೆ. ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿ, ಬಿಟ್ಟು ಮುಂದೆ ಹೋಗಿ ಎಂದರು.

ಲಕೋಟೆಯ ಲೆಕ್ಕ ಓದಿದ ದಿನ ಮಾತ್ರ ಮಾವ ಆ ಗುಮಾಸ್ತೆಯ ಬಗ್ಗೆ ಏನನ್ನೂ ಕೇಳಲಿಲ್ಲ. ಐದೂ ತಪ್ಪಬೇಕಾ ಎಂದು ಒಂದು ಸಲ ಖಚಿತ ಮಾಡಿಕೊಂಡು ಸೊಪ್ಪಿನ ಕಡೆ ತಿರುಗಿದರು.

ಸೂತ್ರದ ಪ್ರಕಾರ ಉತ್ತರ ನಲವತ್ತನಾಲ್ಕು. ಐದು ಕಾಗದವನ್ನು ಐದು ಲಕೋಟೆಗೆ ಒಟ್ಟು ನೂರಿಪ್ಪತ್ತು ಬಗೆಯಲ್ಲಿ ಹಾಕಬಹುದು. ಅದರಲ್ಲಿ ನಲವತ್ತನಾಲ್ಕು ಬಗೆಯಲ್ಲಿ ಮಾತ್ರ ಐದಕ್ಕೆ ಐದೂ ತಪ್ಪಾಗಿರುತ್ತವೆ. ಮಿಕ್ಕ ಎಪ್ಪತ್ತಾರರಲ್ಲಿ ಒಂದಾದರೂ ತನ್ನ ಮನೆ ಸೇರಿಬಿಟ್ಟಿರುತ್ತದೆ. ನಾನು ಕಾಗದದ ಮೇಲೆ ಬರೆದು ಎಣಿಸಿದರೆ ನಲವತ್ತಮೂರೇ ಬಂದವು. ಎಲ್ಲಿ ಒಂದು ಕಳೆದುಹೋಯಿತೆಂದು ತಿಳಿಯಲು ಕಣ್ಣೆದುರಿಗೆ ವಸ್ತು ಬೇಕಾಯಿತು. ಅಡುಗೆಮನೆಯ ಗೂಡಿನಲ್ಲಿ ಒಂದೇ ಅಳತೆಯ ಐದು ಸ್ಟೀಲ್ ಡಬ್ಬಿಗಳಿದ್ದವು. ಕಾಫಿ ಪುಡಿ, ಧನಿಯಾ ಪುಡಿ, ಸಾರಿನ ಪುಡಿ, ಮೆಣಸಿನ ಪುಡಿ, ಅರಿಸಿನ. ಯಾವುದು ಯಾವುದೆಂದು ತಿಳಿಯಲು ಅತ್ತೆ ಮುಚ್ಚಳದ ಹಿಡಿಗೆ ಬೇರೆ ಬೇರೆ ಬಣ್ಣದ ಉಲ್ಲನ್ ದಾರ ಕಟ್ಟಿದ್ದರು. ಅತ್ತೆ ಹಾಲು ಹಾಕಲು ಡೈರಿಗೆ ಹೋದ ಹೊತ್ತಿನಲ್ಲಿ ನಾನು ಐದು ಮುಚ್ಚಳವನ್ನೂ ತೆಗೆದು, ಒಂದೊಂದೇ ಬಗೆಯಲ್ಲಿ ಅದಲುಬದಲು ಮಾಡಿ ಎಣಿಸಿದೆ. ಈ ಸಲ ನಲವತ್ತನಾಲ್ಕು ಬಂತು. ನನಗೆ ಎಷ್ಟು ಸಂತೋಷವಾಯಿತೆಂದರೆ, ನಲವತ್ತನಾಲ್ಕನೆಯ ಬಗೆಯನ್ನು ಹಾಗೆಯೇ ಬಿಟ್ಟು ಬಟ್ಟೆ ಒಗೆಯಲು ಹೋದೆ.

ಸಂಜೆಯ ಕಾಫಿಯನ್ನು ಅತ್ತೆ ಮಾಡಿದರು. ಮಾವ ಅದನ್ನು ಕೊನೆಯವರೆಗೂ ಕುಡಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಲೋಟ ಕೆಳಗಿಟ್ಟು, ಇವತ್ತು ಒಸಿ ಬೇರೆ ಥರ ಐತೆ ಎಂದಷ್ಟೇ ಹೇಳಿದರು. ಅತ್ತೆ ತಮ್ಮ ಲೋಟಕ್ಕೆ ಬಾಯಿಟ್ಟ ಮೇಲೆ ಧನಿಯಾದ ವಿಷಯ ಹೊರಗೆ ಬಂತು. ಮನೆಯ ಐದು ಡಬ್ಬಿಗೆ ಐದು ಮುಚ್ಚಳ ಹಾಕಲು ಬಾರದವಳನ್ನು ಯಾವ ಬ್ಯಾಂಕಿನವರು ಕರೆದು ಕುರ್ಚಿಯ ಮೇಲೆ ಕೂರಿಸುತ್ತಾರೋ ನೋಡುತ್ತೇನೆ ಎಂದು ಅವರು ರಾತ್ರಿ ಊಟದವರೆಗೂ ಹೇಳುತ್ತಿದ್ದರು.

ಮಾರನೆಯ ದಿನ ಹುಳು ಮನೆಯಲ್ಲಿ ಮಾವ ತಾವಾಗಿಯೇ ಮಾತು ತೆಗೆದರು.

“ಆ ಕಾಗ್ದುದ್ ಲೆಕ್ಕ. ನೂರಿಪ್ಪತ್ತರಲ್ಲಿ ಎಷ್ಟು ಅಂದೆ?”

“ನಲವತ್ತನಾಲ್ಕು ಮಾವ.”

“ಅಂದ್ರೆ ಮೂರ್ ಸಲಕ್ಕೆ ಒಂದ್ ಸಲ.”

“ಹತ್ತಿರ ಹತ್ತಿರ ಅಷ್ಟೇ.”

ಅವರು ಒಂದು ತಟ್ಟೆಗೆ ಸೊಪ್ಪು ಹರಡಿ ಮುಗಿಸಿದರು. ಆಮೇಲೆ ನನ್ನ ಕಡೆ ತಿರುಗದೆಯೇ ಹೇಳಿದರು: “ಗುಡ್ಡೆ ಕೂಗ್ವಾಗ ನಂಗೂ ಅಷ್ಟೇ ಬತ್ತದೆ. ಇಷ್ಟ್ ವರ್ಸ ನನ್ ಬಾಯೇ ಸರಿಗಿಲ್ಲ ಅಂದ್ಕಂಡಿದ್ದೆ ಕಣವ್ವ.”

ಇದು ಏನೆಂದು ವಿವರಿಸಬೇಕು. ಯುಗಾದಿಯ ಮಾರನೆಯ ದಿನ ಹೊಸತೊಡಕು. ಆ ದಿನ ನಮ್ಮ ಕಡೆ ಬಾಡೂಟವಿಲ್ಲದ ಮನೆ ಕಡಿಮೆ. ನಮ್ಮ ಬೀದಿಯ ಐದು ಮನೆಯವರು ಸೇರಿ ಒಂದು ಟಗರು ಕೊಯ್ಸಿ ಹಂಚಿಕೊಳ್ಳುತ್ತೇವೆ. ಮೇಲ್ಮನೆ, ಬಾವಿಮನೆ, ಮೂಲೆಮನೆ, ಹೊಸಮನೆ, ಮತ್ತು ಹುಣಸೇಮರದ ಮನೆ. ಕೊನೆಯದು ನಮ್ಮದು. ಮಾಂಸವನ್ನೆಲ್ಲ ಕತ್ತರಿಸಿ, ಬಾಳೆಎಲೆಗಳ ಮೇಲೆ ಐದು ಸಮನಾದ ಗುಡ್ಡೆ ಹಾಕುತ್ತಾರೆ. ತೊಡೆ, ಪಕ್ಕೆ, ಲಿವರ್, ಬೋಟಿ, ನಲ್ಲಿಮೂಳೆ ಎಲ್ಲದರಲ್ಲೂ ಎಲ್ಲ ಗುಡ್ಡೆಗೂ ಪಾಲಿರಬೇಕು. ಒಂದೊಂದು ಗುಡ್ಡೆಯನ್ನು ಒಂದೊಂದು ಮನೆಯ ಗಂಡಸು ಹಾಕುತ್ತಾನೆ. ಎಲ್ಲರೂ ಸುತ್ತ ನಿಂತು ನೋಡುತ್ತಿರುವುದರಿಂದ ಯಾರೂ ಕಡಿಮೆ ಹಾಕುವಂತಿಲ್ಲ. ಆದರೆ ನೋಡುತ್ತಿದ್ದರೂ ಒಳ್ಳೆಯ ತುಂಡೊಂದನ್ನು ಅಡಿಯಲ್ಲಿ ಸೇರಿಸಿಡಬಹುದು. ಅದಕ್ಕೆಂದೇ ನಮ್ಮ ಬೀದಿಯಲ್ಲಿ ಒಂದು ಕಟ್ಟಳೆ: ತಾನು ಹಾಕಿದ ಗುಡ್ಡೆ ತನ್ನ ಮನೆಗೆ ಬರಬಾರದು.

ಹಂಚುವ ರೀತಿ ಹೀಗೆ. ಒಬ್ಬರು ಗುಡ್ಡೆಗಳಿಗೆ ಬೆನ್ನು ಮಾಡಿ ಹುಣಸೇಮರ ನೋಡುತ್ತ ನಿಲ್ಲುತ್ತಾರೆ. ಇನ್ನೊಬ್ಬರು ಕೋಲಿನಿಂದ ಒಂದು ಗುಡ್ಡೆಯ ಎಲೆ ಮುಟ್ಟಿ, ಇದ್ಯಾರಿಗೆ ಎಂದು ಕೇಳುತ್ತಾರೆ. ಬೆನ್ನು ಮಾಡಿದವರು ಒಂದು ಮನೆಯ ಹೆಸರು ಕೂಗುತ್ತಾರೆ. ಐದೂ ಕೂಗಿ ಮುಗಿದ ಮೇಲೆ ಯಾವುದಾದರೂ ಮನೆಗೆ ಅದರದೇ ಗುಡ್ಡೆ ಬಂದಿದ್ದರೆ ಅಷ್ಟೂ ರದ್ದು. ಮತ್ತೆ ಮೊದಲಿಂದ ಕೂಗಬೇಕು. ನಾನು ಮದುವೆಯಾಗಿ ಬಂದಾಗಿನಿಂದ ಕೂಗುವವರು ನಮ್ಮ ಮಾವನೇ.

ಬಾವಿಮನೆಯ ಯಜಮಾನರು ಮಾವನ ಚಿಕ್ಕಪ್ಪನ ಮಗ. ಕಳೆದ ಹೊಸತೊಡಕಿನಿಂದ ಅವರು ಒಂದು ಮಾತು ಹೇಳುತ್ತ ಬಂದಿದ್ದರು. ಡೈರಿಯಲ್ಲಿ ಹೇಳಿದರು, ಅಂಗಡಿಯಲ್ಲಿ ಹೇಳಿದರು, ಒಂದು ತಿಥಿಯ ಊಟದಲ್ಲೂ ಹೇಳಿದರು. ನ್ಯಾಯವಾಗಿ ಕೂಗುವವನಿಗೆ ಒಂದೇ ಸಲಕ್ಕೆ ಸರಿ ಬರಬೇಕು. ಅಣ್ಣನಿಗೆ ಯಾವಾಗಲೂ ಎರಡು ಮೂರು ಸಲ ಕೂಗಬೇಕಾಗುತ್ತದೆ. ಏಕೆಂದರೆ ಕೋಲು ಎಲ್ಲಿ ಮುಟ್ಟಿತೆಂದು ಅವನು ಕಿವಿಯಲ್ಲೇ ಹಿಡಿಯುತ್ತಾನೆ. ತನಗೆ ಬೇಕಾದ ಗುಡ್ಡೆ ಬರುವವರೆಗೆ ಬೇಕೆಂದೇ ತಪ್ಪಿಸುತ್ತಾನೆ. ಹೋದ ವರ್ಷ ನಮ್ಮ ಪಾಲಿಗೆ ಎರಡು ನಲ್ಲಿಮೂಳೆ ಬಂದಿದ್ದು ಇದಕ್ಕೆ ಸಾಕ್ಷಿ. ಈ ವರ್ಷವೂ ಮೊದಲ ಸಲಕ್ಕೆ ತಪ್ಪಿದರೆ ಕೂಗುವುದನ್ನು ತನಗೆ ಬಿಟ್ಟುಕೊಡಬೇಕು ಎಂದು ಐದು ಮನೆಯವರ ಮುಂದೆ ಹೇಳಿದ್ದರು. ಮಾವ ಆಗಲಿ ಎಂದಿದ್ದರು.

ಮಾವನಿಗೆ ಬೇರೆ ದೊಡ್ಡಸ್ತಿಕೆ ಯಾವುದೂ ಇರಲಿಲ್ಲ. ಪಂಚಾಯಿತಿಗೆ ನಿಂತವರಲ್ಲ, ದೇವಸ್ಥಾನದ ಯಜಮಾನಿಕೆಯೂ ಬೇರೆಯವರದು. ಬೆನ್ನು ಮಾಡಿ ನಿಂತರೆ ಈ ಮನುಷ್ಯ ಯಾರ ಕಡೆಗೂ ವಾಲುವುದಿಲ್ಲ ಎಂದು ಐದು ಮನೆಯವರು ನಂಬಿದ್ದರಲ್ಲ, ಅದೊಂದೇ ಅವರದು. ಅದು ಹೋದರೆ ಅವರು ಜಗಳವಾಡುತ್ತಿರಲಿಲ್ಲ. ಸುಮ್ಮನೆ ಹುಳು ಮನೆಗೆ ಹೋಗಿ ಸೊಪ್ಪು ಹಾಕುತ್ತಿದ್ದರು. ಅದನ್ನು ಯೋಚಿಸಿದರೆ ನನಗೆ ಓದು ಸಾಗುತ್ತಿರಲಿಲ್ಲ.

ಹೊಸತೊಡಕಿನ ಬೆಳಗ್ಗೆ ನಡೆದದ್ದನ್ನು ನಾನು ಜಗುಲಿಯ ಪಕ್ಕದಲ್ಲಿ ಪಾತ್ರೆ ಹಿಡಿದು ನಿಂತು ನೋಡಿದೆ. ನೋಡಿದ್ದನ್ನು ನೋಡಿದ ಕ್ರಮದಲ್ಲೇ ಬರೆಯುತ್ತೇನೆ.

ಗುಡ್ಡೆ ಹಾಕಿ ಮುಗಿದಿತ್ತು. ನಮ್ಮ ಮನೆಯ ಗುಡ್ಡೆ ಹಾಕಿದ್ದು ನನ್ನ ಗಂಡ. ನಾಯಿಗಳು ಬೇಲಿಯ ಆಚೆ ಸಾಲಾಗಿ ಕುಳಿತಿದ್ದವು. ಅತ್ತೆ ಜಗುಲಿಯ ಮೇಲೆ ಒಲೆ ಹೂಡಿ ಒಣಮೆಣಸಿನಕಾಯಿ ಹುರಿಯುತ್ತಿದ್ದರು. ಅಲ್ಲಿಂದ ಗುಡ್ಡೆಗಳು ಚೆನ್ನಾಗಿ ಕಾಣುತ್ತವೆ. ಮಾವ ಹೆಗಲ ಮೇಲಿನ ಟವಲ್ಲನ್ನು ಸರಿಮಾಡಿಕೊಂಡು ಮರದ ಕಡೆ ತಿರುಗಿದರು. ಕೋಲು ಬಾವಿಮನೆ ಯಜಮಾನರ ಕೈಯಲ್ಲಿತ್ತು. ಸದ್ದು ಕೇಳಬಾರದೆಂದು ಅವರು ಕೋಲಿನ ತುದಿಗೆ ಬಟ್ಟೆ ಸುತ್ತಿಕೊಂಡು ಬಂದಿದ್ದರು.

ಐದೂ ಕೂಗಿ ಮುಗಿಯಿತು. ಬಾವಿಮನೆಗೆ ಬಾವಿಮನೆಯದೇ ಗುಡ್ಡೆ ಬಂದಿತ್ತು.

ಬಾವಿಮನೆ ಯಜಮಾನರು ಕೋಲನ್ನು ನೆಲಕ್ಕೂರಿ ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿದರು. ಅದು ಮಾತಿಗಿಂತ ಕೆಟ್ಟದಾಗಿತ್ತು. ಮಾವ ಮರದ ಕಡೆಯಿಂದ ತಿರುಗಿ, ಕೆಳಗೆ ಬಿದ್ದ ಹುಣಸೆ ಎಲೆಗಳನ್ನು ನೋಡುತ್ತ, ನಮ್ ಹುಡುಗಿ ಒಂದು ಲೆಕ್ಕ ಹೇಳುತ್ತಾಳೆ, ಅದನ್ನೊಂದು ಕೇಳಿ ಎಂದರು.

ಗಂಡಸರೆಲ್ಲ ನನ್ನ ಕಡೆ ನೋಡಿದರು. ಅಷ್ಟು ಜನರೆದುರು ನಾನು ಹಿಂದೆ ಮಾತಾಡಿದವಳಲ್ಲ. ಕೈಯಲ್ಲಿ ಪಾತ್ರೆ ಬೇರೆ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ, ಐದು ಕಾಗದ, ಐದು ಲಕೋಟೆ ಎಂದು ಶುರುಮಾಡಿದೆ. ಮೂಲೆಮನೆಯವರು ಯಾವ ಕಾಗದ, ಪಹಣಿಯಾ ಎಂದು ಕೇಳಿದರು. ಅದನ್ನು ಬಿಟ್ಟು ಗುಡ್ಡೆಯಿಂದಲೇ ಹೇಳಿದೆ. ನ್ಯಾಯವಾಗಿ ಕೂಗಿದರೂ ಮೂರರಲ್ಲಿ ಎರಡು ಸಲ ತಪ್ಪುತ್ತದೆ, ಒಂದು ಸಲ ಸರಿ ಬರುತ್ತದೆ, ಇದರಲ್ಲಿ ಕೂಗುವವರ ಕೈವಾಡವಿಲ್ಲ ಎಂದೆ.

ಹೊಸಮನೆಯ ಹುಡುಗ ಡಿಪ್ಲೊಮಾ ಓದಿದವನು. ಅವನು ತಲೆಯಾಡಿಸಿದ. ಅದನ್ನು ನೋಡಿ ಉಳಿದವರೂ ಒಪ್ಪಿದರು. ಆದರೆ ಅವರು ಒಪ್ಪಿದ್ದು ನಾನು ಹೇಳಿದ್ದನ್ನಲ್ಲ. ಎರಡು ಸಲ ತಪ್ಪುವುದು ಲೆಕ್ಕ, ಮೂರನೆಯ ಸಲ ಸರಿ ಬಂದೇ ಬರುತ್ತದೆ ಎಂದು ಅವರು ತಿಳಿದುಕೊಂಡರು. ಹಾಗಲ್ಲ, ಪ್ರತಿ ಸಲವೂ ಹೊಸದಾಗಿಯೇ ಲೆಕ್ಕ, ಹಿಂದೆ ತಪ್ಪಿದ್ದನ್ನು ಅದು ನೆನಪಿಟ್ಟುಕೊಳ್ಳುವುದಿಲ್ಲ ಎಂದು ನಾನು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

“ಹಂಗಾದ್ರೆ ನಾನೇ ಮೂರ್ ಸಲ ಕೂಗ್ತೀನಿ,” ಎಂದರು ಬಾವಿಮನೆ ಯಜಮಾನರು. “ನಿನ್ ಸೊಸೆ ಲೆಕ್ಕವೂ ಗೊತ್ತಾಯ್ತದೆ, ನಿನ್ ನ್ಯಾಯವೂ ಗೊತ್ತಾಯ್ತದೆ ಬುಡಣ್ಣ.”

ಅವರು ಮರದ ಕಡೆ ತಿರುಗಿದರು. ಕೋಲು ನನ್ನ ಗಂಡನ ಕೈಗೆ ಬಂತು.

ಮೊದಲ ಸಲ ಮೂಲೆಮನೆಗೆ ಮೂಲೆಮನೆಯದು ಬಂತು. ಒಂದು ಎಂದರು ಎಲ್ಲರೂ, ಸಮಾಧಾನವಾಗಿಯೇ. ಎರಡನೆಯ ಸಲ ಬಾವಿಮನೆಗೇ ಬಾವಿಮನೆಯದು ಬಂತು. ಎರಡು ಎಂದರು. ಬಾವಿಮನೆ ಯಜಮಾನರ ಕುತ್ತಿಗೆ ಬೆವತಿತ್ತು. ಆದರೆ ಮೂರನೆಯದರ ಬಗ್ಗೆ ಅವರಿಗೂ ಅನುಮಾನವಿರಲಿಲ್ಲ. ಆಗಲೇ ಹೆಂಗಸರು ಪಾತ್ರೆ ಹಿಡಿದು ಮುಂದೆ ಬಂದರು. ನಾಯಿಗಳೂ ಎದ್ದು ನಿಂತವು.

ಮೂರನೆಯ ಸಲ ಅವರು ಪ್ರತಿ ಹೆಸರನ್ನೂ ಯೋಚಿಸಿ, ನಡುವೆ ಬಿಡುವು ಕೊಟ್ಟು ಕೂಗಿದರು. ಮೊದಲ ಗುಡ್ಡೆ ಮೇಲ್ಮನೆಯದು, ಮೇಲ್ಮನೆಗೆ ಎಂದರು. ಎರಡನೆಯದು ಹೊಸಮನೆಯದು, ಹೊಸಮನೆಗೆ ಎಂದರು. ಮೂರನೆಯದು ನಮ್ಮದು, ಹುಣಸೇಮರದ ಮನೆಗೆ ಎಂದರು. ನನ್ನ ಗಂಡನ ಕೈಯಲ್ಲಿ ಕೋಲು ನಿಂತುಹೋಯಿತು. ನಾಲ್ಕನೆಯದೂ ಹಾಗೆಯೇ ಆಯಿತು. ನಾಲ್ಕು ತಮ್ಮ ತಮ್ಮ ಮನೆ ಸೇರಿದ ಮೇಲೆ ಐದನೆಯದಕ್ಕೆ ಬೇರೆ ದಾರಿಯೇ ಇಲ್ಲ. ಆದರೂ ನನ್ನ ಗಂಡ ಅದನ್ನೂ ಮುಟ್ಟಿ ಕೇಳಿದರು. ಬಾವಿಮನೆ ಯಜಮಾನರು ತಮ್ಮದೇ ಮನೆಯ ಹೆಸರನ್ನು ಗಟ್ಟಿಯಾಗಿ ಕೂಗಿ, ಸರಿ ಬಂತಾ ಎನ್ನುತ್ತ ತಿರುಗಿದರು.

ಐದಕ್ಕೆ ಐದೂ ತಮ್ಮ ತಮ್ಮ ಮನೆಗೇ ಬಂದಿದ್ದವು. ನೂರಿಪ್ಪತ್ತರಲ್ಲಿ ಇಂಥದ್ದು ಒಂದೇ ಒಂದು. ಪುಸ್ತಕದ ಗುಮಾಸ್ತೆ ಒಂದು ತಪ್ಪನ್ನೂ ಮಾಡದ ಬಗೆ ಅದು. ಅಡುಗೆಮನೆಯ ಡಬ್ಬಿಗಳಲ್ಲಿ ಅದನ್ನು ನಾನು ಎಣಿಸಿಯೂ ಇರಲಿಲ್ಲ. ಮುಚ್ಚಳಗಳು ಮೊದಲು ಇದ್ದದ್ದೇ ಹಾಗಲ್ಲವೇ. ಅದು ನನ್ನ ಕಣ್ಣೆದುರಿಗೆ ಆದದ್ದು ಕಂಡು ನನಗೆ ನಿಜವಾಗಿ ಭಯವಾಯಿತು. ಪಾತ್ರೆಯನ್ನು ಕೆಳಗಿಟ್ಟೆ.

“ನಿಂಗೆ ಬೆನ್ನಲ್ಲೂ ಕಣ್ಣವಾ ಚಿಕ್ಕಪ್ಪ?” ಎಂದು ಹೊಸಮನೆಯ ಹುಡುಗ ಕೇಳಿದ.

ಬೇಲಿಯವರೆಗೂ ನಗು ಹೋಯಿತು. ಬೇಕೆಂದು ಕೂಗಿದರೂ ಹೀಗೆ ಬರುವುದಿಲ್ಲ ಎಂದರು ಮೂಲೆಮನೆಯವರು. ಬೇಕೆಂದರೆ ಮಾತ್ರ ಹೀಗೆ ಬರುತ್ತದೆ ಎಂದರು ಮೇಲ್ಮನೆಯವರು. ಬಾವಿಮನೆ ಯಜಮಾನರು ತಾನು ತಿರುಗಿ ನೋಡಿಲ್ಲ, ಏನೂ ಕೇಳಿಸಿಕೊಂಡಿಲ್ಲ ಎಂದು ಮೂರು ಮನೆಯ ದೇವರ ಮೇಲೆ ಆಣೆ ಮಾಡಿದರು. ಒಂದು ವರ್ಷದಿಂದ ಅಣ್ಣನ ಬಗ್ಗೆ ತಾವು ಹೇಳಿದ್ದೆಲ್ಲ ಈಗ ತಮ್ಮ ಮೇಲೇ ಬಂದು ಕೂತಿದ್ದು ಅವರಿಗೂ ಗೊತ್ತಾಯಿತು. ಅವರನ್ನು ನಂಬಿದವರು ಅಲ್ಲಿ ಇಬ್ಬರೇ. ಒಬ್ಬಳು ನಾನು, ಏಕೆಂದರೆ ಲೆಕ್ಕದಲ್ಲಿ ಅದಕ್ಕೂ ಒಂದು ಜಾಗವಿದೆ. ಇನ್ನೊಬ್ಬರು ಮಾವ.

“ಬುಡ್ಲಾ, ಆಯ್ತದೆ ಒಂದೊಂದ್ ಸಲ,” ಎಂದರು ಮಾವ. “ನಂಗೇನ್ ಕಡಿಮೆ ಆಗೈತಾ?”

ಬಿಸಿಲು ಏರುತ್ತಿತ್ತು, ಗುಡ್ಡೆಗಳ ಮೇಲೆ ನೊಣ ಕೂರುತ್ತಿದ್ದವು. ಇನ್ನು ನೀನೇ ಕೂಗು ಎಂದು ಎಲ್ಲರೂ ಮಾವನಿಗೆ ಹೇಳಿದರು. ಬಾವಿಮನೆ ಯಜಮಾನರೇ ಕೋಲು ತೆಗೆದುಕೊಂಡರು. ಅದರ ತುದಿಯ ಬಟ್ಟೆಯನ್ನು ಅವರು ಬಿಚ್ಚಿ ಎಸೆದದ್ದನ್ನು ನಾನು ಕಂಡೆ. ಮಾವ ಮರದ ಕಡೆ ತಿರುಗಿ ನಿಂತರು.

ಇದ್ಯಾರಿಗೆ ಎಂದರು. ಬಾವಿಮನೆಗೆ. ಇದ್ಯಾರಿಗೆ ಎಂದರು. ಮೂಲೆಮನೆಗೆ. ಮೂರನೆಯ ಸಲ ಕೋಲು ನಮ್ಮ ಮನೆಯ ಗುಡ್ಡೆಯ ಎಲೆಯನ್ನು ಮುಟ್ಟಿತು. ಜಗುಲಿಯ ಮೇಲೆ ಅತ್ತೆ ಕೆಮ್ಮಿದರು.

ಮಾವ ಸ್ವಲ್ಪ ತಡೆದರು. ಆಮೇಲೆ, ಹೊಸಮನೆಗೆ ಎಂದರು. ಮುಂದಿನ ಎರಡನ್ನೂ ಕೂಗಿದರು. ಐದೂ ಹಾಕಿದವರ ಮನೆ ಬಿಟ್ಟು ಬೇರೆ ಮನೆಗೆ ಹೋಗಿದ್ದವು. ಒಂದೇ ಸಲಕ್ಕೆ ಸರಿ ಬಂದಿತ್ತು.

ಬಾವಿಮನೆ ಯಜಮಾನರೇ ಮೊದಲು ಬಂದು, ನಿನ್ ಬಾಯೇ ಸರಿ ಕಣಣ್ಣ ಎಂದು ಮಾವನ ಹೆಗಲು ಮುಟ್ಟಿದರು. ಎಲ್ಲರೂ ತಮ್ಮ ತಮ್ಮ ಪಾಲು ತುಂಬಿಕೊಂಡು ಹೋದರು. ನಮ್ಮ ಪಾಲಿನಲ್ಲಿ ಮೂಳೆಯೇ ಹೆಚ್ಚಿತ್ತು.

ಕೆಮ್ಮಿನ ಬಗ್ಗೆ ನನಗೆ ತಿಳಿದಿರುವುದು ಇಷ್ಟು. ಒಲೆಯ ಮೇಲೆ ಒಣಮೆಣಸಿನಕಾಯಿ ಇತ್ತು. ಅದರ ಘಾಟಿಗೆ ಯಾರಿಗಾದರೂ ಕೆಮ್ಮು ಬರುತ್ತದೆ. ಆದರೆ ಬಾವಿಮನೆ ಯಜಮಾನರು ಕೂಗಿದಾಗ ಅದೇ ಘಾಟು ಇತ್ತು. ಆಗ ಅತ್ತೆ ಒಂದು ಸಲವೂ ಕೆಮ್ಮಿರಲಿಲ್ಲ. ಮಧ್ಯಾಹ್ನ ಸಾರು ಕುದಿಯುತ್ತಿದ್ದಾಗ ನಾನು ಕೇಳಿದೆ. ಮೆಣಸಿನಕಾಯಿ ಹುರಿಯುವಾಗ ಕೆಮ್ಮದೆ ಹಾಡು ಹೇಳಬೇಕಿತ್ತಾ ಎಂದರು.

ನಾನು ಪುಸ್ತಕ ತೆಗೆದುಕೊಂಡು ಕುಳಿತೆ. ಪರೀಕ್ಷೆ ಆ ಭಾನುವಾರವೇ ಇತ್ತು. ಬೇರೆ ಅಧ್ಯಾಯ ಓದಬೇಕಾಗಿತ್ತು. ಆದರೆ ಒಂದು ಕೆಮ್ಮಿಗೆ ಎಷ್ಟು ಬೆಲೆ ಎಂದು ತಿಳಿಯದೆ ನನಗೆ ಮುಂದೆ ಹೋಗಲಾಗಲಿಲ್ಲ. ನಮ್ಮ ಗುಡ್ಡೆ ಯಾವುದೆಂದು ಕೂಗುವವರಿಗೆ ಗೊತ್ತಾದರೆ, ಅದನ್ನು ನಮ್ಮ ಮನೆಗೆ ಕೂಗುವ ಇಪ್ಪತ್ತನಾಲ್ಕು ಬಗೆಗಳು ತಪ್ಪಿಹೋಗುತ್ತವೆ. ಉಳಿಯುವುದು ತೊಂಬತ್ತಾರು. ಸರಿಯಾದ ನಲವತ್ತನಾಲ್ಕೂ ಅದರೊಳಗೇ ಇರುತ್ತವೆ. ಅಂದರೆ ಮೂರಕ್ಕೆ ಒಂದರಂತಿದ್ದದ್ದು ಒಂದು ಕೆಮ್ಮಿನಿಂದ ಎರಡಕ್ಕೆ ಒಂದರ ಹತ್ತಿರ ಬರುತ್ತದೆ. ಅತ್ತೆ ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತಿದವರಲ್ಲ. ಅವರು ಇಷ್ಟೆಲ್ಲ ಲೆಕ್ಕ ಹಾಕಿ ಕೆಮ್ಮಿದರು ಎಂದು ನಾನು ಹೇಳುವುದಿಲ್ಲ. ಗಂಡನ ಮರ್ಯಾದೆ ಹೋಗುವುದನ್ನು ನೋಡುತ್ತ ಒಲೆಯ ಮುಂದೆ ಸುಮ್ಮನೆ ಕೂರುವ ಹೆಂಗಸಲ್ಲ ಎಂದಷ್ಟು ಹೇಳಬಲ್ಲೆ.

ಪರೀಕ್ಷೆಯಲ್ಲಿ ಲಕೋಟೆ ಬರಲಿಲ್ಲ. ದುಂಡು ಮೇಜು ಬಂತು, ಸಮಿತಿ ಬಂತು. ಡೈರಿಯ ಮೂವರು ಹೆಂಗಸರು ನೆನಪಾದರು. ಮೇಷ್ಟ್ರು ಹೇಳಿದಂತೆ ಎರಡನ್ನೂ ಬಿಟ್ಟು ಮುಂದೆ ಹೋದೆ, ಜೀವನದಲ್ಲಿ ಮೊದಲ ಸಲ. ಪಾಸಾದೆ. ಮುಂದಿನ ಹಂತದ ಪರೀಕ್ಷೆಯೂ ಆಯಿತು. ಈಗ ಕನಕಪುರದ ಕಡೆಯ ಒಂದು ಶಾಖೆಯಲ್ಲಿ ಕೂರುತ್ತೇನೆ. ಕ್ರಮಯೋಜನೆ ಮತ್ತು ವಿಕಲ್ಪ ಅಲ್ಲಿ ಒಂದು ದಿನವೂ ಬೇಕಾಗಿಲ್ಲ.

ಪರೀಕ್ಷೆ ಬರೆದು ಬಂದ ಮರುದಿನ ಹುಳು ಮನೆಯಲ್ಲಿ ಮಾವ ಹೇಳಿದ್ದನ್ನು ಈವರೆಗೆ ಯಾರಿಗೂ ಹೇಳಿಲ್ಲ. ಈಗ ಬರೆಯಲು ಅವರ ಒಪ್ಪಿಗೆಯಿದೆ.

“ಕೆಮ್ಮು ಕೇಳುಸ್ತು ಕಣವ್ವ,” ಎಂದರು. “ನಮ್ ಮನೆ ಹೆಸ್ರು ಬಾಯಿಗೆ ಬಂದ್ಬುಟ್ಟಿತ್ತು.”

“ಆಮೇಲೆ ಮಾವ?”

“ಹೊಸಮನೆ ಅಂದ್ಬುಟ್ಟೆ.”

ನಾನು ಅವರಿಗೆ ತೊಂಬತ್ತಾರರ ಲೆಕ್ಕ ಹೇಳಿದೆ. ಕೆಮ್ಮು ಕೇಳಿಸಿದರೂ ಅರ್ಧದಷ್ಟು ಸಲ ತಪ್ಪುತ್ತಲೇ ಇತ್ತು, ಪೂರ್ತಿ ನಿಮ್ಮದೇ ತಪ್ಪಲ್ಲ ಎಂದೆ. ಅವರು ಕೇಳಿಸಿಕೊಂಡರು. ಇಷ್ಟು ವರ್ಷ ತಪ್ಪು ಬಂದಾಗ ಬಾಯಿ ಸರಿಯಿಲ್ಲ ಅಂದುಕೊಂಡಿದ್ದೆ, ಸರಿ ಬಂದ ದಿನವೇ ಸರಿಯಿರಲಿಲ್ಲ ನೋಡು ಎಂದು ನಕ್ಕರು. ಆ ನಗು ನನಗೆ ಸರಿಯಾಗಿ ಕಾಣಲಿಲ್ಲ.

ಮುಂದಿನ ಹೊಸತೊಡಕಿಗೆ ನಾನು ರಜೆ ಹಾಕಿ ಬಂದೆ. ಗುಡ್ಡೆ ಹಾಕಿ ಮುಗಿದ ಮೇಲೆ ಮಾವ ಮರದ ಹತ್ತಿರ ಹೋಗಲಿಲ್ಲ. ತಮಗೆ ಕಿವಿ ಚುರುಕಾಗಿಬಿಟ್ಟಿದೆ, ಕೂಗುವವನಿಗೆ ಅದು ಆಗಿಬರುವುದಿಲ್ಲ ಎಂದರು. ವಯಸ್ಸಾದಂತೆ ಕಿವಿ ಮಂದವಾಗುತ್ತದಲ್ಲವೇ ಎಂದು ಮೇಲ್ಮನೆಯವರು ಕೇಳಿದ್ದಕ್ಕೆ ಮಾವ, ಸೊಸೆ ಕೂಗಲಿ, ಲೆಕ್ಕ ಗೊತ್ತಿರುವವಳು ಎಂದರು. ಹೆಂಗಸು ಕೂಗುವುದೇ ಎಂಬ ಮಾತು ಬಂತು. ಬಾವಿಮನೆ ಯಜಮಾನರು ನನ್ನ ಪರವಾಗಿ ನಿಂತರು. ಹಿಂದಿನ ವರ್ಷ ತಾವು ತಿರುಗಿ ನೋಡಿಲ್ಲವೆಂದು ಅವರನ್ನು ನಂಬಿದವಳು ನಾನೆಂದು ಅವರಿಗೆ ಹೇಗೋ ಗೊತ್ತಾಗಿತ್ತು.

ನಾನು ಒಂದು ಎಚ್ಚರಿಕೆ ಮಾಡಿಕೊಂಡೆ. ತಿರುಗಿ ನಿಲ್ಲುವ ಮೊದಲೇ ಐದು ಮನೆಯ ಹೆಸರನ್ನೂ ಒಂದು ಕ್ರಮದಲ್ಲಿ ಮನಸ್ಸಿನಲ್ಲಿ ಜೋಡಿಸಿಟ್ಟೆ. ಬೆನ್ನ ಹಿಂದೆ ಏನೇ ಕೇಳಿಸಲಿ, ಅದೇ ಕ್ರಮದಲ್ಲಿ ಕೂಗುವುದೆಂದು ತೀರ್ಮಾನಿಸಿದೆ. ಮೇಲ್ಮನೆ, ಮೂಲೆಮನೆ, ಬಾವಿಮನೆ, ಹುಣಸೇಮರದ ಮನೆ, ಹೊಸಮನೆ.

ಹುಣಸೇಮರದ ತೊಗಟೆಯನ್ನು ಅಷ್ಟು ಹತ್ತಿರದಿಂದ ನಾನು ಹಿಂದೆ ನೋಡಿರಲಿಲ್ಲ. ಇರುವೆಗಳು ಸಾಲಾಗಿ ಮೇಲೆ ಹೋಗುತ್ತಿದ್ದವು. ಮೊದಲ ಮೂರು ಹೆಸರು ಕೂಗಿದೆ. ನಾಲ್ಕನೆಯ ಸಲ, ಇದ್ಯಾರಿಗವ್ವ ಎಂದು ಬಾವಿಮನೆ ಯಜಮಾನರು ಕೇಳಿದರು. ಜಗುಲಿಯ ಕಡೆಯಿಂದ ಅತ್ತೆ ಕೆಮ್ಮಿದರು. ನಾನು ಉತ್ತರಿಸದಿದ್ದಾಗ ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿ ಕೆಮ್ಮಿದರು.

ಹುಣಸೇಮರದ ಮನೆಗೆ ಎಂದೆ.

ಐದನೆಯದನ್ನೂ ಕೂಗಿ ತಿರುಗಿದೆ. ನಾಲ್ಕನೆಯ ಸಲ ಕೋಲು ಮುಟ್ಟಿದ್ದು ನನ್ನ ಗಂಡ ಹಾಕಿದ ಗುಡ್ಡೆಯನ್ನೇ. ಎಲ್ಲರೂ ತಲೆಯಾಡಿಸುತ್ತಿದ್ದರು, ಯಾರಿಗೂ ಬೇಸರವಿರಲಿಲ್ಲ. ನ್ಯಾಯವಾಗೇ ಕೂಗವ್ಳೆ, ಮೊದಲ ಸಲ ತಪ್ಪಲೇಬೇಕು ಎಂದರು ಬಾವಿಮನೆ ಯಜಮಾನರು. ಮಾವ ಬೋರಲು ಹಾಕಿದ ಮಂಕರಿಯ ಮೇಲೆ ಕುಳಿತಿದ್ದರು. ಅವರ ಮುಖದಲ್ಲಿ ಹೋದ ವರ್ಷ ಕಾಣದಿದ್ದ ನೆಮ್ಮದಿ ಕಂಡಿತು.

“ಬ್ಯಾಂಕಲ್ಲಿ ಇವ್ಳಿಗೆ ಕಿವಿ ಕೇಳುಸ್ತದಾ?” ಎಂದು ಅತ್ತೆ ಜಗುಲಿಯ ಮೇಲಿನಿಂದ ಯಾರನ್ನೂ ಕೇಳದ ಹಾಗೆ ಕೇಳಿದರು.

ನಾನು ಮತ್ತೆ ಮರದ ಕಡೆ ತಿರುಗಿ, ಐದು ಹೆಸರನ್ನೂ ಹೊಸದಾಗಿ ಜೋಡಿಸಿಕೊಂಡೆ.